25 ಅಂಗುಲದ ನಳಿಗೆ



ರೂಪನಗುಡಿಯ ಹಳೆಯ ಶಿಷ್ಯರೊಬ್ಬರು ತಮ್ಮ ಮಗಳ ಪರವಾಗಿ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಎನ್.ಸಿ.ಸಿ. ಸೇರಿರುವ ಆ ಹುಡುಗಿಗೆ .22 ರೈಫಲ್ಲಿನ ಮುಂಭಾಗ ಭಾರವೆನಿಸುತ್ತದೆ. ಕಡಲೆಕಾಳಿನಷ್ಟು ಗುಂಡನ್ನು 25 ಗಜ ದೂರದ ಕಾಗದಕ್ಕೆ ಹೊಡೆಯಲು ಅಷ್ಟುದ್ದದ ನಳಿಗೆ ಏತಕ್ಕೆಂದು ಅವಳು ಕೇಳಿದ್ದಾಳೆ. ಬಲು ಒಳ್ಳೆಯ ಪ್ರಶ್ನೆ. ಉತ್ತರದ ಅರ್ಧಭಾಗ ವಿಜ್ಞಾನದಲ್ಲಿದೆ. ಉಳಿದರ್ಧ ಚರಿತ್ರೆಯಲ್ಲಿ, ಅದೂ ನಮ್ಮ ಬಳ್ಳಾರಿಯನ್ನು ಹಾಯ್ದುಹೋಗುವ ಚರಿತ್ರೆಯಲ್ಲಿದೆ.

ಮೊದಲು ವಿಜ್ಞಾನ. ಈ ರೈಫಲ್ಲಿನ ತೋಟಾ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಬಂದದ್ದು. ಅದರ ಹಿತ್ತಾಳೆಯ ತಳದ ಅಂಚಿನೊಳಗೆ ಕಿಡಿಮದ್ದು ತುಂಬಿರುತ್ತದೆ. ಕುದುರೆ ಎಳೆದಾಗ ಮೊಳೆಯು ನಡುವಿಗಲ್ಲ, ಅಂಚಿಗೆ ಬಡಿಯುತ್ತದೆ. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ಅದನ್ನು ತಳ್ಳುವ ಮದ್ದು ಚಿಟಿಕೆಯಷ್ಟೇ. ಆ ಮದ್ದಿನ ಅನಿಲ ಸುಮಾರು 16 ಅಂಗುಲ ಸಾಗುವಷ್ಟರಲ್ಲಿ ತನ್ನ ಕೆಲಸವನ್ನು ಬಹುತೇಕ ಮುಗಿಸಿರುತ್ತದೆ. ಅಲ್ಲಿಂದಾಚೆ ನಳಿಗೆಯನ್ನು ಎಷ್ಟೇ ಬೆಳೆಸಿದರೂ ವೇಗ ಹೆಚ್ಚುವುದು ಅತ್ಯಲ್ಪ. ತೀರ ಉದ್ದವಾದರೆ ಘರ್ಷಣೆಯಿಂದ ಗುಂಡು ತುಸು ನಿಧಾನವಾಗುವುದೂ ಉಂಟು. ‘ಉದ್ದವಿದ್ದಷ್ಟೂ ಬಲ’ ಎಂಬ ಮಾತು ದೊಡ್ಡ ತೋಟಾಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜ, ಇದರ ವಿಷಯದಲ್ಲಿ ಅಲ್ಲ.

ಹಾಗಿದ್ದೂ ಎನ್.ಸಿ.ಸಿ.ಯ ಹಳೆಯ ನಂ. 2 ಮಾರ್ಕ್ 4 ರೈಫಲ್ಲಿಗೆ 25 ಅಂಗುಲದ ನಳಿಗೆ ಏಕೆ ಬಂತು?

ಇದಕ್ಕಾಗಿ 1899ರಲ್ಲಿ ಆರಂಭವಾದ ಬೋಯರ್ ಯುದ್ಧಕ್ಕೆ ಹೋಗಬೇಕು. ದಕ್ಷಿಣ ಆಫ್ರಿಕಾದ ಡಚ್ ಮೂಲದ ರೈತರಾದ ಬೋಯರರು ಜರ್ಮನಿಯ ಮೌಸರ್ ರೈಫಲ್ಲುಗಳನ್ನು ಹಿಡಿದು, ಕುದುರೆಯೇರಿ, ಬಂಡೆಗಳ ಮರೆಯಿಂದ ದೂರದಿಂದಲೇ ಹೊಡೆದು ಬ್ರಿಟಿಷ್ ಸೈನ್ಯವನ್ನು ತಬ್ಬಿಬ್ಬುಗೊಳಿಸಿದರು. ಸೆರೆಸಿಕ್ಕ ಬೋಯರರಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಲಾಯಿತು. ಅವರನ್ನು ಇರಿಸಿದ ಊರುಗಳಲ್ಲಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಒಂದು. ಬ್ರಿಟಿಷರಿಗೆ ಗುರಿಯ ಪಾಠ ಕಲಿಸಿದವರು ಬಳ್ಳಾರಿಯ ಬಿಸಿಲಿನಲ್ಲಿ ದಿನ ಎಣಿಸುತ್ತಿದ್ದಾಗ, ಇಂಗ್ಲೆಂಡಿನಲ್ಲಿ ಆ ಪಾಠದ ಫಲವಾಗಿ ಎರಡು ಕೆಲಸಗಳು ನಡೆದವು.

ಒಂದನೆಯದು ನಳಿಗೆಯ ಅಳತೆ. ಅದುವರೆಗೆ ಕಾಲಾಳಿಗೆ 30 ಅಂಗುಲದ ನಳಿಗೆಯ ರೈಫಲ್, ಸವಾರನಿಗೆ 21 ಅಂಗುಲದ್ದು. ಒಬ್ಬನದು ಕುದುರೆಯ ಮೇಲೆ ತೊಡಕು, ಇನ್ನೊಬ್ಬನದು ದೂರಕ್ಕೆ ಸಾಲದು. 1902ರ ಡಿಸೆಂಬರಿನಲ್ಲಿ ಇಬ್ಬರಿಗೂ ಒಂದೇ ರೈಫಲ್ ಎಂದು ತೀರ್ಮಾನವಾಗಿ, ನಳಿಗೆಯನ್ನು 25.2 ಅಂಗುಲಕ್ಕೆ ನಿಗದಿಮಾಡಿದರು. ಮೋಟು ನಳಿಗೆಯಿಂದ ಗುರಿ ಕೆಡುತ್ತದೆಂದು ಅಲ್ಲಿನ ಗುರಿಕಾರರು ಗದ್ದಲವೆಬ್ಬಿಸಿದರು; ಎರಡು ಮಹಾಯುದ್ಧಗಳಲ್ಲಿ ಅದೇ .303 ರೈಫಲ್ ಭಾರತೀಯ ಸಿಪಾಯಿಯ ಹೆಗಲಿಗೂ ಏರಿತು.

ಎರಡನೆಯದು ಅಭ್ಯಾಸ. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್, ಸಾಮಾನ್ಯ ಜನರೂ ಗುರಿ ಹೊಡೆಯಲು ಕಲಿಯಬೇಕೆಂದು ಪ್ರಚಾರಕ್ಕೆ ನಿಂತ. 1901ರಿಂದ ರೈಫಲ್ ಕ್ಲಬ್ಬುಗಳು ಹುಟ್ಟಿದವು. ಅಗ್ಗದ .22 ತೋಟಾ, ಚಿಕ್ಕ ಬಯಲು, ಕಡಿಮೆ ಸದ್ದು, ಹೆಗಲಿಗೆ ಒದೆತವಿಲ್ಲ. ಸೈನ್ಯವೂ ಇದನ್ನೇ ಹಿಡಿಯಿತು. ಹಳೆಯ ಸೇನಾ ರೈಫಲ್ಲುಗಳ ಸವೆದ ನಳಿಗೆಯೊಳಗೆ ಸಣ್ಣ ಕೊಳವೆಯನ್ನು ಕೂರಿಸಿ .22ಕ್ಕೆ ಮಾರ್ಪಡಿಸುವ ಪದ್ಧತಿಯೂ ಬಂತು. ಉದ್ದ, ತೂಕ, ಹಿಡಿತ ಎಲ್ಲವೂ .303ರಂತೆಯೇ ಇರಬೇಕು, ನಾಳೆ ನಿಜವಾದ ರೈಫಲ್ ಹಿಡಿದಾಗ ಕೈಗೆ ಹೊಸದೆನಿಸಬಾರದು. 25 ಅಂಗುಲದ ಗುಟ್ಟು ಇಷ್ಟೇ. ಆ ಉದ್ದವನ್ನು ನಿರ್ಧರಿಸಿದ್ದು ಒಳಗಿನ ಗುಂಡಲ್ಲ, ಹಿಡಿಯುವ ಸಿಪಾಯಿ.

1948ರಲ್ಲಿ ಎನ್.ಸಿ.ಸಿ. ಸ್ಥಾಪನೆಯಾಯಿತು, ಈ ಅಭ್ಯಾಸದ ರೈಫಲ್ ಶಾಲಾ ಕಾಲೇಜುಗಳ ಮೈದಾನಕ್ಕೆ ಬಂತು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1960ರ ದಶಕದಲ್ಲಿ ನಮ್ಮ ಸೇನೆ .303 ಬಿಟ್ಟು 7.62ರ ಎಸ್.ಎಲ್.ಆರ್.ಗೆ ಹೋಯಿತು, 1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲ್ಲಿನ ನಳಿಗೆ 464 ಮಿ.ಮೀ., ಅಂದರೆ 18 ಅಂಗುಲ ಚಿಲ್ಲರೆ. ಮೂಲ ಹೋದರೂ ನಕಲು ಉಳಿಯಿತು! ಸೈನಿಕ ಹಿಡಿಯುವ ನಳಿಗೆಗಿಂತ ಶಾಲೆಯ ಮಗು ಹಿಡಿಯುವ ನಳಿಗೆಯೇ ಉದ್ದವಾಯಿತು. ಸುಮಾರು 4 ಕಿಲೋ ತೂಗುವ ಅದನ್ನು 13-14 ವರ್ಷದ ಮಗು ಹೊರುವುದು ನನಗೆ ಎಂದೂ ಸರಿಯೆನಿಸಿದ್ದಿಲ್ಲ. ಎನ್.ಸಿ.ಸಿ.ಯ .22 ಡಿಲಕ್ಸ್ ರೈಫಲ್ ಇದಕ್ಕಿಂತ ಹಗುರ: ಒಟ್ಟು ಉದ್ದ 43 ಅಂಗುಲ, ತೂಕ 6 ಪೌಂಡ್ 2 ಔನ್ಸ್.

ಉದ್ದ ನಳಿಗೆಗೆ ಗುಣವೇ ಇಲ್ಲವೆಂದಲ್ಲ. ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮೊನೆಗೂ ನಡುವೆ 50 ಸೆಂ.ಮೀ. ಇದ್ದು ಮೊನೆ ಒಂದು ಮಿ.ಮೀ. ಸರಿದರೆ, 25 ಗಜದಾಚೆ ಗುಂಡು ಸುಮಾರು 46 ಮಿ.ಮೀ. ತಪ್ಪುತ್ತದೆ, ಆ ಅಂತರ 75 ಸೆಂ.ಮೀ. ಇದ್ದರೆ ತಪ್ಪುವುದು 30 ಮಿ.ಮೀ. ಮಾತ್ರ. (ಸಮರೂಪ ತ್ರಿಭುಜಗಳ ಪಾಠ ನೆನಪಿದೆಯಷ್ಟೆ?) ಮುಂಭಾಗದ ಭಾರದಿಂದ ನಳಿಗೆ ಅಲುಗುವುದೂ ಕಡಿಮೆ, ಆದರೆ ಕೈ ಸೋಲುವವರೆಗೆ ಮಾತ್ರ. ಮಲಗಿ, ಮರಳಿನ ಚೀಲದ ಮೇಲಿಟ್ಟು ಹೊಡೆಯುವುದಾದರೆ ಉದ್ದವಿರಲಿ. ನಿಂತು ಹೊಡೆಯುವ ಎಳೆಯರಿಗೆ 18ರಿಂದ 20 ಅಂಗುಲ ಧಾರಾಳ ಸಾಕು. ಅದಕ್ಕಿಂತ ಮುಖ್ಯವಾದುದು, ಹೆಗಲಿಗೊತ್ತುವ ಮರದ ಬುಡ ತೋಳಿನ ಅಳತೆಗೆ ಹೊಂದುವುದು.

ಕೊನೆಗೊಂದು ಮಾತು ಆ ಹುಡುಗಿಗೆ. ಎನ್.ಸಿ.ಸಿ.ಯ ಅನೇಕ ಟಿಪ್ಪಣಿಗಳಲ್ಲಿ .22 ಗುಂಡಿನ ವೇಗ ಸೆಕೆಂಡಿಗೆ 2,700 ಅಡಿ ಎಂದು ಅಚ್ಚಾಗಿದೆ. ಅದು ಸೇನಾ ರೈಫಲ್ಲುಗಳ ವೇಗ. ಈ ಪುಟ್ಟ ತೋಟಾದ್ದು ಸಾಮಾನ್ಯವಾಗಿ 1,050ರಿಂದ 1,250 ಅಡಿ. ಪರೀಕ್ಷೆಯಲ್ಲಿ ಕೇಳಿದರೆ ಟಿಪ್ಪಣಿಯಲ್ಲಿದ್ದಂತೆಯೇ ಬರೆದು ಅಂಕ ತೆಗೆದುಕೊಳ್ಳಮ್ಮ, ಆಮೇಲೆ ನಿಮ್ಮ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳು.