ಸವತಿಗಂಧವಾರಣೆ: ಒಂದು ಬಿರುದಿನ ಸುತ್ತ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕ್ರಿ.ಶ. 1123ರಲ್ಲಿ ಶಾಂತಿನಾಥನಿಗೆ ಬಸದಿಯೊಂದನ್ನು ಕಟ್ಟಿಸಿದ ಶಾಂತಲದೇವಿಯ ಮನೆತನವನ್ನು ಒಂದೇ ಮತದ ಹೆಸರಿನಿಂದ ಗುರುತಿಸಲಾಗದು. ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಪತಿ ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದವನು. ಅದೇ ಬೇಲೂರಿನ ಕಪ್ಪೆಚೆನ್ನಿಗರಾಯನ ಗುಡಿಗೂ ಶಾಂತಲೆಯ ಹೆಸರು ಸೇರಿದೆ. ಆದರೂ ಆಕೆ ಕಡೆಯವರೆಗೆ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ಗಂಡನ ಮತವೇ ಹೆಂಡತಿಯದೆಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ಮತ ತಾಯಿಯಿಂದ ಮಗಳಿಗೆ ಇಳಿದಿದೆ.

ಮತದ ವಿಷಯದಲ್ಲಿದ್ದ ಈ ಸ್ವಾತಂತ್ರ್ಯ ಬಿರುದುಗಳಲ್ಲಿ ಕಾಣದು. ಅರಸನು ‘ಮಲೆಪರೊಳ್ ಗಂಡ’, ಮಲೆಯ ನಾಯಕರ ನಡುವೆ ವೀರ. ಯದುಕುಲದ ಪೌರಾಣಿಕ ವಂಶಾವಳಿಯನ್ನು ಹೇಳಿಕೊಂಡ ಮೇಲೂ ಹೊಯ್ಸಳರು ಈ ಮಲೆಯ ಗುರುತನ್ನು ಬಿಟ್ಟುಕೊಡಲಿಲ್ಲ. ಅರಸನ ಗಂಡಸುತನಕ್ಕೆ ಎದುರಾಳಿಗಳು ರಣರಂಗದಲ್ಲಿ; ಅರಸಿಯ ಎದುರಾಳಿಗಳಾದರೋ ಅಂತಃಪುರದಲ್ಲಿ. ಆಕೆ ‘ಸವತಿಗಂಧವಾರಣೆ’, ಸವತಿಯರ ಪಾಲಿಗೆ ಮದ್ದಾನೆ. ಇದನ್ನು ಶಾಸನಕವಿಯ ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಬಸದಿಗೇ ಆ ಹೆಸರು ನಿಂತಿತು! ಅಹಿಂಸೆಯನ್ನು ಪರಮಧರ್ಮವೆಂದ ಮತದ ದೇಗುಲವೊಂದು ಇಂದಿಗೂ ಸವತಿಗಂಧವಾರಣ ಬಸದಿ. ದಾನಿಯಾಗಿ, ಶ್ರಾವಕಿಯಾಗಿ ಸ್ವತಂತ್ರಳಾದವಳು ಹೆಣ್ಣಾಗಿ ಸವತಿಯರ ಮೂಲಕವೇ ಗುರುತಾದಳು.

ಶಾಂತಲೆ 1131ರಲ್ಲಿ ತೀರಿಕೊಂಡದ್ದು ಶೈವಕ್ಷೇತ್ರವಾದ ಶಿವಗಂಗೆಯಲ್ಲಿ. ಮಗಳ ಅಗಲಿಕೆಯನ್ನು ತಾಳಲಾರದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ಸಲ್ಲೇಖನವನ್ನು ಪೂರೈಸಿ ಮುಡಿಪಿದಳು. ಅದನ್ನು ಹೇಳುವ ಶಾಸನ ಮಗಳು ಕಟ್ಟಿಸಿದ ಬಸದಿಯ ಬಳಿಯಲ್ಲಿಯೇ ಇದೆ.