ಊರಿನ ನೆಲ, ಊರಿನ ನೇಮ

ಒಮ್ಮೆ ತರಗತಿಯಲ್ಲಿ ಪೌರನೀತಿಯ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ನನ್ನ ನೆಲದಲ್ಲಿ ನಾನು ಮನೆ ಕಟ್ಟಿದರೇನು, ಗಿರಣಿ ಇಟ್ಟರೇನು? ಕೇಳುವುದಕ್ಕೆ ಊರಿನವರು ಯಾರು?" ಎಂದು ಪ್ರಶ್ನೆ ಮಾಡಿದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ನೀನು ಗಿರಣಿ ಇಟ್ಟರೆ ನಮ್ಮ ತಾಯಿಗೆ ನಿದ್ದೆ ಬರುವುದಿಲ್ಲವಲ್ಲ!" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಈ ವಿಷಯದ ಪೂರ್ವಪಕ್ಷ, ಉತ್ತರಪಕ್ಷಗಳೆರಡೂ ಆ ಎರಡು ಮಾತುಗಳಲ್ಲಿಯೇ ಅಡಗಿವೆ. ಊರಿನ ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಉದ್ಯಾನಕ್ಕೆ ಎಂದು ಗೊತ್ತುಮಾಡುವ ಕಟ್ಟಳೆ ಹೇಗೆ ಬೆಳೆದುಬಂದಿತೆಂಬುದನ್ನು ಬೆಂಗಳೂರು ನಗರವನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರ ಮಾಡೋಣ.

ಈ ಬಗೆಯ ಕಟ್ಟಳೆ ಪಶ್ಚಿಮದಿಂದ ಬಂದ ಹೊಸ ಸರಕೆಂದು ಹಲವರು ಭಾವಿಸುವುದುಂಟು. ಅದು ಪೂರ್ತಿ ನಿಜವಲ್ಲ. ಕೌಟಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದುರ್ಗದೊಳಗೆ ಯಾವ ಕಸುಬಿನವರು ಯಾವ ದಿಕ್ಕಿನಲ್ಲಿರಬೇಕೆಂಬ ವಿಧಿಯಿದೆ. ಮೂರನೆಯದರಲ್ಲಿ ನೆರೆಮನೆಯ ಗೋಡೆಗೂ ಬಚ್ಚಲ ನೀರಿಗೂ ಸಂಬಂಧಿಸಿದ ನಿಯಮಗಳಿವೆ. ಆದರೆ ಅದೇ ಗ್ರಂಥ ಚಂಡಾಲರಿಗೆ ಶ್ಮಶಾನದ ಅಂಚನ್ನು ತೋರಿಸಿತೆಂಬುದನ್ನೂ ನಾವು ಮರೆಯಲಾಗದು. ಕೆಲಸಗಳನ್ನು ವಿಂಗಡಿಸುವ ಗೆರೆ ಜನರನ್ನು ವಿಂಗಡಿಸುವ ಗೆರೆಯಾಗಲು ಹೆಚ್ಚು ಹೊತ್ತು ಬೇಕಿಲ್ಲ. ಈ ಮಾತು ಮುಂದೆಯೂ ನಮ್ಮ ಉಪಯೋಗಕ್ಕೆ ಬರುತ್ತದೆ.

ಇನ್ನು ಬೆಂಗಳೂರಿಗೆ ಬರೋಣ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರಸಿದ್ಧವಾದ ಈ ಊರಿನ ಹಳೆಯ ಪೇಟೆಯಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳೆಂಬ ಎರಡು ಹಿರಿಯ ಬೀದಿಗಳು ಒಂದನ್ನೊಂದು ಅಡ್ಡಹಾಯುತ್ತವೆ. ಸುತ್ತಲಿನ ಬೀದಿಗಳ ಹೆಸರನ್ನು ಕೇಳಿದರೆ ಸಾಕು, ಊರಿನ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆಗಳು ಸರಕಿನ ಹೆಸರನ್ನು ಹೇಳಿದರೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆಗಳು ಜನರ ಹೆಸರನ್ನು ಹೇಳುತ್ತವೆ. ಹೆಸರೇ ಅಲ್ಲಿ ಕಟ್ಟಳೆ. ಕುಂಬಾರನ ಆವಿಗೆಯ ಹೊಗೆ ಕುಂಬಾರರ ಬೀದಿಗೇ ಸೇರಿದ್ದು. ಗಾಣದ ಕಿರುಗುಟ್ಟುವಿಕೆ ಗಾಣಿಗರ ಕಿವಿಗೆ ಜೋಗುಳ. ಆದರೆ ಒಂದು ಮುಖ್ಯಾಂಶವನ್ನು ಗಮನಿಸಬೇಕು: ಬೀದಿ ಬೀದಿಗೆ ಕಸುಬು ಬೇರೆಯಾಗಿತ್ತೇ ಹೊರತು ಮನೆಯೂ ದುಡಿಮೆಯೂ ಬೇರೆಯಾಗಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ಅಟ್ಟದ ಮೇಲೆ ಸರಕು. ಇದೇ ಪೇಟೆಯ ಜೀವನಕ್ರಮವಾಗಿತ್ತು.

ಈ ಕ್ರಮವನ್ನು ಕದಲಿಸಿದ್ದು 1898ರ ಪ್ಲೇಗು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಹಾಮಾರಿ ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಹಬ್ಬಿತು. ಜನ ಮನೆಗಳಿಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಹೊರಟರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಸೀಮಾನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಸೂಚಿಸಿದ್ದು ಆ ವರ್ಷವೇ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಆದರೂ ಗಾಳಿಬೆಳಕುಗಳಿಲ್ಲದ ಇಕ್ಕಟ್ಟಿನಲ್ಲಿ ಸಾವು ಸುಲಭವೆಂಬುದನ್ನು ಜನ ಕಣ್ಣಾರೆ ಕಂಡಿದ್ದರು.

ಪ್ಲೇಗಿಗೆ ಮೊದಲೇ ಯೋಚನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಗಳು ಅದರ ತರುವಾಯ ಬೇಗಬೇಗನೆ ತುಂಬಿದುವು. ನೇರವಾದ ಬೀದಿಗಳು, ಅಳತೆಗೊಪ್ಪಿದ ನಿವೇಶನಗಳು, ಮನೆಯ ಸುತ್ತ ಬಿಟ್ಟ ಖಾಲಿ ಜಾಗ, ಕಸ ಸಾಗಿಸುವುದಕ್ಕೆ ಹಿತ್ತಲ ಹಿಂದಿನ ಓಣಿ, ಇವೆಲ್ಲ ಅಲ್ಲಿ ಕಾಣಿಸಿಕೊಂಡುವು. ದಂಡಿನ ಪ್ರದೇಶದಲ್ಲಿ ಫ್ರೇಜರ್ ಟೌನ್ ಎದ್ದಿತು. ಪ್ಲೇಗು ತಟ್ಟದಂತೆ ಊರು ಕಟ್ಟುವ ಬಗೆಯನ್ನು ಕುರಿತು ಅಲ್ಲಿಯ ಎಂಜಿನಿಯರ್ ಸ್ಟೀಫನ್ಸ್ 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈ ಬಡಾವಣೆಗಳಲ್ಲಿಯೇ ವಾಸ ಬೇರೆ, ವ್ಯಾಪಾರ ಬೇರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿತು. ಆದರೆ ನಿವೇಶನಗಳ ಮೊದಲ ವಿಂಗಡಣೆಯಲ್ಲಿ ಜಾತಿ ಸಮುದಾಯಗಳ ಲೆಕ್ಕವೂ ಇತ್ತು. ಗಾಳಿಬೆಳಕುಗಳು ಹೊಸವು; ಗೆರೆ ಮಾತ್ರ ಹಳೆಯದು.

ಇದೇ ಕಾಲದಲ್ಲಿ ಇತರ ದೇಶಗಳೂ ಇದೇ ಚಿಂತೆಯಲ್ಲಿದ್ದುವು. ಜರ್ಮನಿಯ ಫ್ರಾಂಕ್‌ಫರ್ಟ್ 1891ರಲ್ಲಿ, ಅಮೆರಿಕದ ನ್ಯೂಯಾರ್ಕ್ 1916ರಲ್ಲಿ ಊರನ್ನು ವಲಯಗಳಾಗಿ ಹಂಚಿ ಕಾನೂನು ಮಾಡಿದುವು. ನಮ್ಮ ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಮೈಸೂರು ನಗರದ ಸುಧಾರಣೆಗೆ 1903ರಲ್ಲಿಯೂ ಬೆಂಗಳೂರಿನದಕ್ಕೆ 1945ರಲ್ಲಿಯೂ ಕಾನೂನುಗಳಾದುವು. ಆದರೆ ಇವು ಹೆಚ್ಚಾಗಿ ಹೊಸ ಬಡಾವಣೆಗಳನ್ನು ರಚಿಸುವ ಕಾನೂನುಗಳು. ಊರಿನ ಸಮಸ್ತ ನೆಲದ ಬಳಕೆಗೂ ಒಂದು ಯೋಜನೆ ಇರತಕ್ಕದ್ದು, ಅದಕ್ಕೆ ವಿರೋಧವಾಗಿ ಯಾರೂ ನೆಲವನ್ನು ಬಳಸತಕ್ಕದ್ದಲ್ಲ ಎಂಬ ವಿಧಿ ಬಂದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ; ಅದು ಜಾರಿಯಾದದ್ದು 1965ರಲ್ಲಿ. ಬೆಂಗಳೂರಿನಲ್ಲಿ ಆ ಹೊಣೆಯನ್ನು 1976ರ ಕಾಯಿದೆಯಿಂದ ಹುಟ್ಟಿದ ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು.

ಈ ಯೋಜನೆಯ ನಕ್ಷೆಯನ್ನು ಓದುವುದು ಕಷ್ಟದ ಕೆಲಸವೇನಲ್ಲ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಿಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆ ಮೊದಲಾದ ಸಾರ್ವಜನಿಕ ಕಟ್ಟಡಗಳಿಗೆ, ಹಸಿರು ಉದ್ಯಾನಗಳಿಗೆ. ಬಣ್ಣವು ನೆಲದ ಬಳಕೆಯನ್ನು ಹೇಳುತ್ತದೆ. ಕಟ್ಟಡ ಎಷ್ಟು ಎತ್ತರವಿರಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದನ್ನು ನಕ್ಷೆಯ ಜೊತೆಗಿರುವ ನಿಯಮಾವಳಿ ಹೇಳುತ್ತದೆ. ನೆಲದ ಬಳಕೆಯನ್ನು ಬದಲಾಯಿಸಬೇಕಾದರೆ ಅನುಮತಿ ಬೇಕು. ಅದಕ್ಕೆ ಮೊದಲು ಸಾರ್ವಜನಿಕ ಪ್ರಕಟಣೆ ಹೊರಡಬೇಕು. ನೆರೆಯವನು ತನ್ನ ಆಕ್ಷೇಪಣೆಯನ್ನು ಹೇಳಿಕೊಳ್ಳುವುದಕ್ಕೆ ಅದೇ ಸಮಯ. ಪ್ರಕಟಣೆಯನ್ನು ಓದದೆ ಸುಮ್ಮನಿದ್ದು, ಗಿರಣಿ ಬಂದು ಕುಳಿತ ಮೇಲೆ ಗೊಣಗುವುದು ನಮ್ಮ ಸುಶಿಕ್ಷಿತರಲ್ಲಿ ಸಾಮಾನ್ಯವಾದ ದೋಷ.

ಆದರೆ ಬಣ್ಣ ಹಚ್ಚಿದ ಮಾತ್ರಕ್ಕೆ ನ್ಯಾಯವಾಯಿತೆ? ಹಳದಿಯ ಬೀದಿಯಲ್ಲಿ ವಿಧವೆಯೊಬ್ಬಳು ಹಜಾರದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಮಕ್ಕಳನ್ನು ಓದಿಸುತ್ತಾಳೆ. ಅದೇ ಬೀದಿಯ ತುದಿಯಲ್ಲಿ ಧನಿಕನೊಬ್ಬ ನಾಲ್ಕಂತಸ್ತಿನ ಮಳಿಗೆ ಕಟ್ಟಿ ಬೀದಿಯನ್ನೇ ಬಂಡಿಗಳ ತಂಗುದಾಣ ಮಾಡುತ್ತಾನೆ. ಇಬ್ಬರನ್ನೂ ಒಂದೇ ಗೆರೆಯಿಂದ ಅಳೆಯುವುದು ಸಮತೆಯಲ್ಲ. 2007ರಲ್ಲಿ ಅಂಗೀಕೃತವಾದ ಬೆಂಗಳೂರಿನ ಯೋಜನೆ ವಾಸದ ವಲಯಗಳಲ್ಲಿಯೂ ಸಣ್ಣ ಕಸುಬುಗಳಿಗೆ ಮಿತಿಯೊಳಗೆ ಎಡೆಗೊಟ್ಟಿತು. ಹಳೆಯ ಪೇಟೆಯ ಬುದ್ಧಿ ಹೀಗೆ ಹೊಸ ಕಟ್ಟಳೆಯೊಳಕ್ಕೆ ತಿರುಗಿ ಬಂದಂತಾಯಿತು. ಆ ಮಿತಿಯನ್ನು ಹೊಲಿಗೆಯವಳ ಮೇಲೆ ಹೇರಿ ಮಳಿಗೆಯವನಿಗೆ ಸಡಿಲಿಸಿದರೆ ಕಟ್ಟಳೆಯೇ ಅನ್ಯಾಯದ ಆಯುಧವಾಗುತ್ತದೆ.

ಆ ವಿದ್ಯಾರ್ಥಿಗೆ ನಾನು ಅಂದು ಕೊಟ್ಟ ಉತ್ತರ ಚಿಕ್ಕದು. "ನೆಲ ನಿನ್ನದಪ್ಪ, ಸಂದೇಹವಿಲ್ಲ. ಆದರೆ ಅದರ ಮೇಲಿನ ಹೊಗೆ, ಅದರ ಸದ್ದು, ಅದರಿಂದ ಹರಿಯುವ ನೀರು ನಿನ್ನ ಬೇಲಿಯನ್ನು ಒಪ್ಪುವುದಿಲ್ಲ. ಬೇಲಿ ದಾಟುವುದನ್ನು ಕುರಿತು ಊರಿಗೆ ಒಂದು ಮಾತಿದೆ" ಎಂದೆ. ಇಂದು ಅದಕ್ಕೆ ಇಷ್ಟನ್ನು ಸೇರಿಸುತ್ತೇನೆ: ಊರಿನ ಆ ಮಾತು ಹೊಗೆಯನ್ನು ದೂರವಿಡಲಿ, ಮನುಷ್ಯರನ್ನು ದೂರವಿಡದಿರಲಿ.