ಮೇಣದ ಮೇಳ, ಪೆಡಲಿನ ಜೋಡಣೆ: ತಂತಿವಾದ್ಯ ನಿರ್ಮಾಣದಲ್ಲಿ ದಾಖಲೆಯ ಪ್ರಶ್ನೆ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಮೈಸೂರು ಸಂಸ್ಥಾನದ ಕಾಲದಲ್ಲಿ ಧಾನ್ಯ ವ್ಯಾಪಾರಕ್ಕೆ ಹೆಸರಾಗಿದ್ದ ಪೇಟೆ. ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೆ ಹರಡಿಕೊಂಡಿರುವ ಸೀಮೆಯು ರಾಗಿಹೊಲ, ಹಲಸಿನ ಮರ ಮತ್ತು ಮಗ್ಗಗಳ ನಾಡು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹಲಸು ಹಣ್ಣಿನ ರುಚಿಗೆ ಪ್ರಸಿದ್ಧವಾದರೆ, ಅದೇ ತಾಲ್ಲೂಕಿನ ಸಿಂಪಾಡಿಪುರವೆಂಬ ಚಿಕ್ಕ ಹಳ್ಳಿಯಲ್ಲಿ ಹಲಸಿನ ಮರವು ವೀಣೆಯಾಗುತ್ತದೆ. ಹಲವು ದಶಕಗಳಿಂದ ನಡೆದುಬಂದಿರುವ ಈ ಕಸುಬಿನೊಂದಿಗೆ ಪೆನ್ನ ಓಬಳಯ್ಯನವರ ಹೆಸರು ಬೆಸೆದುಕೊಂಡಿದೆ. ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆದವರು ವೈಣಿಕರ ಪರಂಪರೆಯನ್ನು ಗುರುಶಿಷ್ಯ ಕ್ರಮದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಅವರ ಕೈಗೆ ವಾದ್ಯವನ್ನು ಒದಗಿಸಿದವರಿಗೆ ಅಲ್ಲಿ ಸಿಕ್ಕಿರುವ ಸ್ಥಳ ತೀರ ಕಿರಿದು. ಹೆಸರಿನ ಪ್ರಶ್ನೆಗಿಂತಲೂ ಗಂಭೀರವಾದ ಇನ್ನೊಂದು ಪ್ರಶ್ನೆ ಇದರಲ್ಲಿದೆ. ಒಬ್ಬ ವಾದಕನಿಗಾಗಿ, ಅವನ ಬೆರಳಿಗೆ ಮತ್ತು ಕಿವಿಗೆ ಒಪ್ಪುವಂತೆ ವಾದ್ಯವನ್ನು ಅಣಿಗೊಳಿಸಿದ ಆ ಜೋಡಣೆಯ ದಾಖಲೆ ಎಲ್ಲಿ ಉಳಿಯುತ್ತದೆ? ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ, ಜೋಡಣೆಯನ್ನೇ ವಾದ್ಯದ ಜೀವಾಳವಾಗಿ ಮಾಡಿಕೊಂಡ ದೂರದ ಮತ್ತೊಂದು ವಾದ್ಯದ ಜೊತೆಗಿಟ್ಟು ನೋಡುವುದು ಉಪಯುಕ್ತ. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಅಂಥ ವಾದ್ಯ.

ವೀಣೆಯ ಕೊಡ, ದಂಡಿ, ಯಾಳಿಮುಖಗಳು ಎಲ್ಲರ ಕಣ್ಣಿಗೆ ಬೀಳುವ ಭಾಗಗಳು. ಹಲಸು ಹಗುರ, ನಾದಕ್ಕೆ ಒದಗುವ ಮರ. ಬಲಿತ ಮರದ ಬೊಡ್ಡೆಯನ್ನು ಕೊರೆದು, ಒಳಗನ್ನು ತೋಡಿ, ಗೋಡೆಯ ದಪ್ಪವನ್ನು ಬೆರಳಿನಿಂದ ತಟ್ಟಿ ನೋಡುತ್ತ ತೆಳ್ಳಗೆ ಮಾಡುವುದರಲ್ಲಿ ಕುಶಲಕರ್ಮಿಯ ಅರ್ಧ ವಿದ್ಯೆ ಅಡಗಿದೆ. ಉಳಿದರ್ಧ ಇರುವುದು ಮೇಳ ಕಟ್ಟುವುದರಲ್ಲಿ. ದಂಡಿಯ ಎರಡು ಅಂಚುಗಳಲ್ಲಿ ಜೇನುಮೇಣಕ್ಕೆ ಕರಿಯ ಪುಡಿ ಬೆರೆಸಿದ ದಿಂಡುಗಳನ್ನು ಏರಿಸಿ, ಅವುಗಳ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಲಾಗುತ್ತದೆ. ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿ. ಪ್ರತಿ ಮೆಟ್ಟಿಲನ್ನು ಇಡುವಾಗಲೂ ತಂತಿ ಮೀಟಿ, ಆಲಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಮೇಣಕ್ಕೆ ಒತ್ತಬೇಕು. ಮೆಟ್ಟಿಲ ಎತ್ತರ ಕೊಂಚ ಹೆಚ್ಚಾದರೆ ಬೆರಳು ನೋಯುತ್ತದೆ. ಕಡಮೆಯಾದರೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವಾಗ ನಾದ ಒಡೆಯುತ್ತದೆ. ಒಂದೇ ಮೆಟ್ಟಿಲ ಮೇಲೆ ಎರಡು ಮೂರು ಸ್ವರಗಳಷ್ಟು ಎತ್ತರಕ್ಕೆ ತಂತಿಯನ್ನು ಎಳೆಯಬಲ್ಲ ವೈಣಿಕನಿಗೆ ಕಟ್ಟುವ ಮೇಳಕ್ಕೂ ಪಾಠ ಆರಂಭಿಸುವ ಮಗುವಿಗೆ ಕಟ್ಟುವ ಮೇಳಕ್ಕೂ ಅಂತರವಿದೆ. ಹೀಗಾಗಿ ಪ್ರತಿಯೊಂದು ವೀಣೆಯೂ ಹೇಳಿ ಮಾಡಿಸಿದ ವಾದ್ಯವೇ ಸರಿ, ಅಂಗಡಿಯಿಂದ ಕೊಂಡದ್ದಾದರೂ ಮೇಳ ಕಟ್ಟಿಸಿದ ದಿನ ಅದು ಒಬ್ಬರದಾಗುತ್ತದೆ.

ಮೆಟ್ಟಿಲುಗಳನ್ನು ಹೇಗೆ ನೆಲೆಗೊಳಿಸಬೇಕೆಂಬ ಚರ್ಚೆ ಕನ್ನಡ ನಾಡಿಗೆ ಹೊಸದಲ್ಲ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಲಕಲಾನಿಧಿ’ಯಲ್ಲಿ ವೀಣೆಗೇ ಒಂದು ಪ್ರಕರಣ ಮೀಸಲಾಗಿದೆ. ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳ ಎಂದು ಮೂರು ಬಗೆಯ ವೀಣೆಗಳನ್ನು ಹೇಳಿ, ಅವುಗಳಲ್ಲಿ ಸರ್ವರಾಗಮೇಳ, ಏಕರಾಗಮೇಳ ಎಂಬ ಭೇದವನ್ನು ಗ್ರಂಥಕಾರನು ಮಾಡುತ್ತಾನೆ. ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳನ್ನು ನೆಲೆನಿಲ್ಲಿಸಿದ್ದು ಮೊದಲನೆಯದು. ನುಡಿಸುವ ರಾಗಕ್ಕೆ ಬೇಕಾದ ಸ್ವರಗಳಿಗೆ ಮಾತ್ರ ಮೆಟ್ಟಿಲಿಟ್ಟು, ರಾಗ ಬದಲಾದಾಗ ಜೋಡಣೆಯನ್ನೂ ಬದಲಿಸುವುದು ಎರಡನೆಯದು. 17ನೆಯ ಶತಮಾನದ ವೆಂಕಟಮಖಿಯ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿಯೂ ಈ ವಿಂಗಡಣೆ ಮುಂದುವರಿದಿದೆ. ಮುಂದೆ ತಂಜಾವೂರಿನ ರಘುನಾಥ ನಾಯಕನ ಹೆಸರಿನೊಂದಿಗೆ ಸೇರಿರುವ 24 ಮೆಟ್ಟಿಲಿನ ವೀಣೆ ದಕ್ಷಿಣದಲ್ಲೆಲ್ಲ ನೆಲೆನಿಂತು, ಏಕರಾಗಮೇಳವು ಬಳಕೆಯಿಂದ ಮರೆಯಾಯಿತು. ಸರ್ವರಾಗಮೇಳ ಗೆದ್ದದ್ದಕ್ಕೆ ಅನುಕೂಲವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಪೂರ್ಣ ಉತ್ತರವಲ್ಲ. ಮೆಟ್ಟಿಲು ನಿಂತಲ್ಲೇ ನಿಂತರೂ ಬೆರಳು ತಂತಿಯನ್ನು ಎಳೆದು ಬೇಕಾದ ಸ್ವರವನ್ನು ಹುಟ್ಟಿಸಬಲ್ಲುದಾದ್ದರಿಂದಲೇ ಮೆಟ್ಟಿಲನ್ನು ಸರಿಸುವ ಅಗತ್ಯ ಕುಂದಿತೆಂದು ಹೇಳುವುದು ಹೆಚ್ಚು ಸಮಂಜಸ.

ಮೆಟ್ಟಿಲೇ ಇಲ್ಲದೆ ತಂತಿಯ ಮೇಲೆ ಗಟ್ಟಿ ವಸ್ತುವೊಂದನ್ನು ಜಾರಿಸಿ ನುಡಿಸುವ ಕ್ರಮ ಇನ್ನೂ ಹಳೆಯದು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಏಕತಂತ್ರೀ ವೀಣೆಯನ್ನು ಬಿದಿರಿನ ತುಂಡಿನಿಂದ ನುಡಿಸುವುದನ್ನು ವಿವರಿಸಿದ್ದಾನೆ. ಇದೇ ತತ್ತ್ವವನ್ನು ಆಧರಿಸಿದ ಗೋಟುವಾದ್ಯವನ್ನು ತಿರುವಿಡೈಮರುದೂರಿನ ಸಖಾರಾಮರಾಯರು ಕಛೇರಿಯ ವೇದಿಕೆಗೆ ತಂದರು. ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರಿಂದ ಅದು ದಕ್ಷಿಣದ ಆಸ್ಥಾನಗಳಲ್ಲಿ ಮನ್ನಣೆ ಪಡೆಯಿತು. ಅವರ ಮೊಮ್ಮಗ, 1967ರಲ್ಲಿ ಮೈಸೂರಿನಲ್ಲಿ ಜನಿಸಿದ ಎನ್. ರವಿಕಿರಣ್ ಅವರ ಕಾಲಕ್ಕೆ ಚಿತ್ರವೀಣೆಯೆಂಬ ಹೆಸರು ರೂಢಿಗೆ ಬಂದಿತು.

ಹವಾಯಿ ದ್ವೀಪಗಳಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡನ್ನು ಜಾರಿಸುವ ಕ್ರಮವನ್ನು 19ನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಬೆಳೆಸಿದನೆಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿರುವ ಅಭಿಪ್ರಾಯ. ಭಾರತದಲ್ಲಿ ಜನಿಸಿ ಹೊನೊಲುಲು ಸೇರಿದ್ದ ಗೇಬ್ರಿಯಲ್ ಡೇವಿಯನ್ ಎಂಬಾತ ಅದಕ್ಕೂ ಮುಂಚೆ ಹಾಗೆ ನುಡಿಸುತ್ತಿದ್ದನೆಂಬ ಉಲ್ಲೇಖವೂ ಇದೆ. ಅದನ್ನು ಹಿಡಿದುಕೊಂಡು ಹವಾಯಿ ಗಿಟಾರಿನ ಮೂಲವೇ ಭಾರತವೆಂದು ಸಾಧಿಸಹೊರಡುವುದು ಆತುರವಾದೀತು. ಜಾರುವ ತುಂಡಿನಿಂದ ನುಡಿಸುವವನಿಗೆ ಎದುರಾಗುವ ತೊಡಕು ಮಾತ್ರ ಎರಡೂ ಕಡೆ ಒಂದೇ. ನೇರವಾದ ತುಂಡು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆಯಾದ್ದರಿಂದ ತಂತಿಗಳ ನಡುವಣ ಅಂತರ ಶ್ರುತಿ ಮಾಡಿದಾಗ ಇದ್ದಂತೆಯೇ ಉಳಿಯುತ್ತದೆ. ಏಕಸ್ವರದಲ್ಲಿ ರಾಗ ನುಡಿಸುವವನಿಗೆ ಇದರಿಂದ ಬಾಧಕವಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿ ಸ್ವರಮೇಳ ಹುಟ್ಟಿಸುವ ಪಾಶ್ಚಾತ್ಯ ಪದ್ಧತಿಗೆ ಇದು ದೊಡ್ಡ ಕಟ್ಟು. ಒಂದೇ ವಾದ್ಯಕ್ಕೆ ಬೇರೆ ಬೇರೆ ಶ್ರುತಿಯ ಎರಡು, ಮೂರು, ನಾಲ್ಕು ಕತ್ತುಗಳನ್ನು ಜೋಡಿಸಿದರೂ ತೊಡಕು ಪೂರ್ತಿ ನೀಗಲಿಲ್ಲ. ಕಾಲಿನಿಂದ ತಂತಿಯ ಬಿಗಿಯನ್ನು ಬದಲಿಸುವ ಉಪಾಯ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. 1940ರ ಸುಮಾರಿಗೆ ಗಿಬ್ಸನ್ ಕಂಪನಿಯ ಎಲೆಕ್ಟ್ರಾಹಾರ್ಪ್ ಪೆಡಲುಗಳೊಡನೆ ಮಾರುಕಟ್ಟೆಗೆ ಬಂದಿತು.

ಈ ವಾದ್ಯ ಪಕ್ವವಾದದ್ದು ಮಾತ್ರ ಒಬ್ಬೊಬ್ಬ ವಾದಕನಿಗಾಗಿ ಒಂದೊಂದನ್ನು ಕಟ್ಟಿಕೊಟ್ಟ ಕುಶಲಕರ್ಮಿಗಳ ಕೈಯಲ್ಲಿ. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎರಕದ ಅಚ್ಚುಗಳನ್ನು ಮಾಡುತ್ತಿದ್ದವನು. ಲೋಹದ ಕೆಲಸ ಅವನಿಗೆ ಕರತಲಾಮಲಕ. 1948ರಲ್ಲಿ ಸ್ಪೀಡಿ ವೆಸ್ಟ್ ಎಂಬ ವಾದಕನಿಗೆ ಮೂರು ಕತ್ತಿನ ಪೆಡಲ್ ಸ್ಟೀಲ್ ಗಿಟಾರನ್ನು ಆತ ನಿರ್ಮಿಸಿದನು. ಅವನದೇ ವಾದ್ಯದಲ್ಲಿ ಬಡ್ ಐಸಾಕ್ಸ್ ನುಡಿಸಿದ ‘ಸ್ಲೋಲಿ’ ಎಂಬ ಹಾಡು 1954ರಲ್ಲಿ ಜನಪ್ರಿಯವಾಯಿತು. ತಂತಿ ಇನ್ನೂ ಮಿಡಿಯುತ್ತಿರುವಾಗಲೇ ಪೆಡಲ್ ಒತ್ತಿ, ಒಂದು ಸ್ವರ ನಿಂತಿರಲು ಇನ್ನೊಂದು ಸ್ವರ ಜಾರುತ್ತ ಏರುವುದನ್ನು ಕೇಳುಗರು ಅಲ್ಲಿ ಕೇಳಿದರು. ಆವರೆಗೆ ಶ್ರುತಿ ಬದಲಿಸುವ ಸಾಧನವಾಗಿದ್ದ ಪೆಡಲು ಅಂದಿನಿಂದ ಅಭಿವ್ಯಕ್ತಿಯ ಸಾಧನವಾಯಿತು. ಶಾಟ್ ಜಾಕ್ಸನ್ ಜೊತೆ ಸೇರಿ ಷೋ-ಬಡ್ ಕಂಪನಿಯನ್ನು ಕಟ್ಟಿದ ಬಡಿ ಎಮನ್ಸ್, ಐಸಾಕ್ಸನ ಒಂದು ಪೆಡಲಿನ ಕೆಲಸವನ್ನು ಎರಡು ಪೆಡಲುಗಳಿಗೆ ಹಂಚಿದನು. ಮುಂದೆ 1963ರಲ್ಲಿ ಸ್ವಂತ ಹೆಸರಿನ ಕಂಪನಿಯಿಂದಲೂ ವಾದ್ಯಗಳನ್ನು ಹೊರತಂದನು.

ದೊಡ್ಡಬಳ್ಳಾಪುರದ ಮಗ್ಗ ಕಂಡವರಿಗೆ ಈ ವಾದ್ಯದ ಅಡಿಭಾಗ ಅಪರಿಚಿತವೆನಿಸದು. ಕೈಮಗ್ಗದಲ್ಲಿ ನೇಕಾರನು ಹಲಗೆ ತುಳಿದಾಗ ಹಾಸಿನ ಕೆಲವು ಎಳೆಗಳು ಏರಿ ಕೆಲವು ಇಳಿಯುವಂತೆ, ಇಲ್ಲಿ ಪೆಡಲ್ ತುಳಿದಾಗ ಕೆಳಗಿನ ಅಡ್ಡದಂಡವೊಂದು ತಿರುಗಿ, ಅದಕ್ಕೆ ಸಿಕ್ಕಿಸಿದ ಸಲಾಕೆಗಳು ತಂತಿಯ ತುದಿ ಕೂತಿರುವ ಲೋಹದ ಬೆರಳುಗಳನ್ನು ಎಳೆಯುತ್ತವೆ. ನಾಷ್ವಿಲ್‌ನಲ್ಲಿ ರೂಢಿಗೆ ಬಂದ ಇ-ನೈನ್ತ್ ಶ್ರುತಿಯ ಹತ್ತು ತಂತಿಗಳ ವಾದ್ಯದಲ್ಲಿ ಒಂದು ಪೆಡಲ್ ಐದನೆಯ ಮತ್ತು ಹತ್ತನೆಯ ತಂತಿಗಳನ್ನು ಒಂದು ಪೂರ್ಣಸ್ವರದಷ್ಟು ಏರಿಸಿದರೆ, ಪಕ್ಕದ್ದು ಮೂರನೆಯ ಮತ್ತು ಆರನೆಯ ತಂತಿಗಳನ್ನು ಅರ್ಧಸ್ವರ ಏರಿಸುತ್ತದೆ. ಮೊಣಕಾಲಿನಿಂದ ಅತ್ತಿತ್ತ ತಳ್ಳುವ ಸನ್ನೆಗಳಲ್ಲಿ ಒಂದು ನಾಲ್ಕನೆಯ ಮತ್ತು ಎಂಟನೆಯ ತಂತಿಗಳನ್ನು ಅರ್ಧಸ್ವರ ಏರಿಸಿದರೆ, ಇನ್ನೊಂದು ಅವನ್ನೇ ಅರ್ಧಸ್ವರ ಇಳಿಸುತ್ತದೆ. ಮೂರು ಪೆಡಲು, ನಾಲ್ಕೈದು ಮೊಣಕಾಲು ಸನ್ನೆ ಸಾಮಾನ್ಯ. ಎರಡು ಕತ್ತಿನ ವಾದ್ಯದಲ್ಲಿ ಪೆಡಲುಗಳ ಸಂಖ್ಯೆ ಎಂಟಕ್ಕೆ ಏರುತ್ತದೆ. ಯಾವ ಸನ್ನೆ ಯಾವ ತಂತಿಯನ್ನು ಎಷ್ಟು ಎಳೆಯಬೇಕೆಂಬುದು ವಾದಕನ ಆಯ್ಕೆ. ಈ ಆಯ್ಕೆಯನ್ನು ತಂತಿಗೊಂದು ಸಾಲು, ಸನ್ನೆಗೊಂದು ಕಂಬಸಾಲು ಇರುವ ಪಟ್ಟಿಯಾಗಿ ಬರೆಯುತ್ತಾರೆ. ಅದಕ್ಕೆ ಕೋಪೆಡೆಂಟ್ ಎಂದು ಹೆಸರು. ಮೊದಲ ಮೂರು ಪೆಡಲುಗಳ ಎಡಬಲ ಕ್ರಮವೊಂದರಲ್ಲೇ ಎಮನ್ಸ್ ಕ್ರಮ, ಅದಕ್ಕೆ ಹಿಂದುಮುಂದಾದ ಜಿಮಿ ಡೇ ಕ್ರಮ ಎಂದು ಎರಡು ಸಂಪ್ರದಾಯಗಳು ವಾದಕರ ಹೆಸರನ್ನೇ ಹೊತ್ತು ಉಳಿದಿವೆ.

ಪೆಡಲಿನ ಜಾರುವಿಕೆಯನ್ನು ಕೇಳಿ ಅದನ್ನು ನಮ್ಮ ಗಮಕಕ್ಕೆ ಹೋಲಿಸುವವರುಂಟು. ಹೋಲಿಕೆ ಅರ್ಧ ದೂರ ಮಾತ್ರ ಸಾಗುತ್ತದೆ. ಪೆಡಲು ತಲುಪುವ ಸ್ವರ ಮೊದಲೇ ತಿರುಪಿನಿಂದ ಬಿಗಿದಿಟ್ಟ ಸ್ವರ. ಅರ್ಧ ತುಳಿದು ನಡುವೆ ನಿಲ್ಲಿಸುವುದುಂಟಾದರೂ ಯಂತ್ರದ ಒಲವು ಕೊನೆಯ ನಿಲುಗಡೆಯ ಕಡೆಗೇ. ವೀಣೆಯ ತಂತಿಗೆ ಅಂಥ ನಿಲುಗಡೆಯಿಲ್ಲ. ಒಂದೇ ಮೆಟ್ಟಿಲ ಮೇಲೆ ತೋಡಿಯ ಗಾಂಧಾರ ಎಷ್ಟು ತೂಗಬೇಕೆಂಬುದನ್ನು ಬೆರಳು ಆ ಕ್ಷಣದಲ್ಲಿ ನಿರ್ಧರಿಸುತ್ತದೆ. ಭಾರತದಲ್ಲಿ ಹವಾಯಿ ಗಿಟಾರ್ ಹಿಡಿದ ದಾರಿಯೂ ಈ ಭೇದವನ್ನೇ ತೋರಿಸುತ್ತದೆ. ಬ್ರಿಜ್ ಭೂಷಣ್ ಕಾಬ್ರಾ ಅದಕ್ಕೆ ಹಿಂದೂಸ್ತಾನಿ ಸಂಗೀತದಲ್ಲಿ ಸ್ಥಾನ ದೊರಕಿಸಿದ ಮೇಲೆ, ವಿಶ್ವಮೋಹನ ಭಟ್ಟರ ಮೋಹನವೀಣೆ ಚಿಕಾರಿ ಮತ್ತು ತರಬ್ ತಂತಿಗಳನ್ನು ಸೇರಿಸಿಕೊಂಡಿತು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅವರು ಇದೇ ಜಾಡಿನಲ್ಲಿ ಸ್ಲೈಡ್ ಗಿಟಾರನ್ನು ರಾಗಸಂಗೀತಕ್ಕೆ ಒಗ್ಗಿಸಿಕೊಂಡವರು. ಈ ಪರಂಪರೆಯ ವಾದ್ಯಗಳಲ್ಲಿ ತಂತಿಗಳು ಹೆಚ್ಚಿದವು, ಪೆಡಲು ಸೇರಲಿಲ್ಲ. ಪೆಡಲು ನೀಗಿಸುವ ಕೊರತೆಯೇ ಇಲ್ಲಿ ಇರಲಿಲ್ಲ.

ಆದರೆ ದಾಖಲೆಯ ವಿಷಯದಲ್ಲಿ ಈ ಎರಡು ಪರಂಪರೆಗಳ ನಡುವಣ ಅಂತರ ನಮಗೆ ಅನುಕೂಲವಾಗಿಲ್ಲ. ಬಿಗ್ಸ್‌ಬಿಯ ವಾದ್ಯಗಳ ಮುಖದ ಮೇಲೆ ಅವನ ಹೆಸರು ಎದ್ದುಕಾಣುವ ಅಕ್ಷರಗಳಲ್ಲಿದೆ. ಆತ ಒತ್ತುತ್ತಿದ್ದ ಕ್ರಮಸಂಖ್ಯೆ ತಿಂಗಳು, ದಿನ, ವರ್ಷಗಳನ್ನು ಸೂಚಿಸುವಂಥದಾದ್ದರಿಂದ ಯಾವ ವಾದ್ಯ ಯಾವ ದಿನದ್ದೆಂಬುದನ್ನು ಸಂಶೋಧಕರು ಇಂದಿಗೂ ಓದಬಲ್ಲರು. ಜೋಡಣೆಯ ಪಟ್ಟಿಗಳು ಕಾಗದದ ಮೇಲೆ ಉಳಿದಿವೆ. ಎಪ್ಪತ್ತು ವರ್ಷ ಹಿಂದಿನ ವಾದ್ಯವೊಂದನ್ನು ಆಗಿದ್ದಂತೆಯೇ ಮತ್ತೆ ಅಣಿಗೊಳಿಸಲು ಸಾಧ್ಯ. ವೀಣೆಯ ಮೇಲೆ ಮಾಡಿದವನ ಹೆಸರಾಗಲಿ ತಿಥಿಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಮೇಣದಲ್ಲಿದೆ. ಮೆಟ್ಟಿಲು ಸವೆದಾಗ, ಬೇಸಗೆಯ ಕಾವಿಗೆ ಮೇಣ ಮೆತ್ತಗಾಗಿ ಸ್ವರ ಸರಿದಾಗ, ಹಳೆಯ ಮೇಳವನ್ನು ಕಿತ್ತು ಹೊಸದನ್ನು ಕಟ್ಟಲಾಗುತ್ತದೆ. ಕಿತ್ತ ಮೇಣ ಕರಗಿ ಮತ್ತೆ ಬಳಕೆಯಾಗುತ್ತದೆ. ಹಳೆಯ ಸ್ಥಾನಗಳ ಗುರುತೂ ಅದರೊಡನೆ ಅಳಿಯುತ್ತದೆ. ವೀಣೆ ಶೇಷಣ್ಣನವರು (1852–1926) ನುಡಿಸಿದ ಕಾಲದ ವೀಣೆಯೊಂದು ದೊರೆತರೂ ಅದರ ಮೆಟ್ಟಿಲುಗಳು ಹೇಳುವುದು ಕೊನೆಯ ಬಾರಿ ಮೇಳ ಕಟ್ಟಿದ ಕೈಯ ಸುದ್ದಿಯನ್ನು. ಮೈಸೂರು ಬಾನಿಯ ಅಂತರಗಾಂಧಾರ ಆಗ ಎಷ್ಟು ಎತ್ತರದಲ್ಲಿತ್ತು, ಮೆಟ್ಟಿಲು ಎಷ್ಟು ಉಬ್ಬಿತ್ತು ಎಂಬ ಪ್ರಶ್ನೆಗಳಿಗೆ ಮರವಾಗಲಿ ದಂತದ ಕೆತ್ತನೆಯಾಗಲಿ ಉತ್ತರಿಸಲಾರವು. ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ಕಾಲಕ್ಕಾದರೆ ಧ್ವನಿಮುದ್ರಣದ ಆಸರೆಯಿದೆ. ಅದರಿಂದ ಸ್ವರವನ್ನು ಅಳೆಯಬಹುದು, ಮೆಟ್ಟಿಲ ಎತ್ತರವನ್ನು ಅಳೆಯಲಾಗದು.

ಮೇಣದ ತೊಂದರೆಯನ್ನು ತಪ್ಪಿಸುವ ಪ್ರಯತ್ನಗಳು ಬೆಂಗಳೂರಿನಲ್ಲಿಯೇ ನಡೆದಿವೆ. ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ವಿದ್ಯುನ್ಮಾನ ವೀಣೆಯಲ್ಲಿ ಮೇಣವನ್ನು ಕೈಬಿಟ್ಟಿದ್ದಾರೆ. ಪ್ರಯಾಣಕ್ಕೆ ಇದು ಸಲೀಸು. ಆದರೆ ಹಲಸಿನ ವೀಣೆಯನ್ನೇ ಬಯಸುವ ವೈಣಿಕರಿಗೆ ಸಿಂಪಾಡಿಪುರದಂಥ ಊರಿನ ಕುಶಲಕರ್ಮಿಗಳೇ ಇಂದಿಗೂ ಗತಿ. ಬಲಿತ ಹಲಸು ಸಿಗುವುದು ದುಬಾರಿಯಾಗುತ್ತ, ಬೆಂಗಳೂರು ಈ ಸೀಮೆಯ ಕಡೆಗೆ ಬೆಳೆಯುತ್ತ ಬಂದಂತೆ ಮುಂದಿನ ತಲೆಮಾರಿಗೆ ಕಾರ್ಖಾನೆಯ ಸಂಬಳ ಹೆಚ್ಚು ನಿಶ್ಚಿತವಾಗಿ ಕಂಡರೆ ಅಚ್ಚರಿಯಿಲ್ಲ. ಮೇಳ ಕಟ್ಟುವ ವಿದ್ಯೆ ಕಿವಿಯಿಂದ ಕಿವಿಗೆ ಸಾಗುವಂಥದು. ನಡುವೆ ಒಂದು ತಲೆಮಾರು ತಪ್ಪಿದರೆ ಅದನ್ನು ಗ್ರಂಥದಿಂದ ಮರಳಿ ಪಡೆಯುವುದು ಕಷ್ಟ. ಕೋಪೆಡೆಂಟ್ ಪಟ್ಟಿಯಂತೆ ವೀಣೆಗೂ ಒಂದು ಪಟ್ಟಿ ಬರೆಯಲು ಅಡ್ಡಿಯೇನಿಲ್ಲ: ಕುದುರೆಯಿಂದ ಪ್ರತಿ ಮೆಟ್ಟಿಲಿಗಿರುವ ದೂರ, ಮೆಟ್ಟಿಲ ಎತ್ತರ, ಏಳು ತಂತಿಗಳ ದಪ್ಪ, ಮೇಣ ಮತ್ತು ಪುಡಿಯ ಪ್ರಮಾಣ, ಆಧಾರಶ್ರುತಿ, ಮಾಡಿದವರ ಹೆಸರು, ಮೇಳ ಕಟ್ಟಿದವರ ಹೆಸರು, ದಿನಾಂಕ. ರಾಮಾಮಾತ್ಯನು ಮೆಟ್ಟಿಲುಗಳ ಸ್ಥಾನವನ್ನು ತಂತಿ ತಂತಿಗೂ ಶ್ಲೋಕಗಳಲ್ಲಿ ನಿರ್ದೇಶಿಸಿದ್ದನು. ಆತ ಕೊಟ್ಟದ್ದು ಲಕ್ಷಣವನ್ನು. ಒಂದು ನಿರ್ದಿಷ್ಟ ವೀಣೆಯ, ಒಂದು ನಿರ್ದಿಷ್ಟ ದಿನದ ಅಳತೆ ಇನ್ನೂ ಬರೆಯಬೇಕಾಗಿಯೇ ಉಳಿದಿದೆ.